ಗಾಯದ ನಂತರ ಮತ್ತೆ ಮೈದಾನಕ್ಕೆ: ನಮ್ಮ ಆಟಗಾರರು, ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಆಡುವ ಹುಡುಗ-ಹುಡುಗಿಯರಿಗೆ ದೊಡ್ಡ ಪೆಟ್ಟಾದಾಗ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪೈಲ್ವಾನನ ಮನೆಯಲ್ಲೂ ಅದೇ, ಕಬಡ್ಡಿ ಆಟಗಾರ್ತಿಯ ಮನೆಯಲ್ಲೂ ಅದೇ. ಅವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ದೊಡ್ಡ ಆಟಗಾರರು ಗಾಯದಿಂದ ಎದ್ದು ಬಂದ ಕಥೆಗಳು ನಮಗೆಲ್ಲ ಗೊತ್ತು. ಆದರೆ ನಾವು ನೋಡಿರುವುದು ಕಥೆಯ ಕೊನೆ ಮಾತ್ರ. ಶತಕ, ಪದಕ, ಕಪ್. ನಡುವಿನ ತಿಂಗಳುಗಳನ್ನು ಟಿವಿಯವರು ತೋರಿಸುವುದಿಲ್ಲ. ಆಟಗಾರ ಉಳಿಯುವುದು ಅಥವಾ ಹಾಳಾಗುವುದು ಆ ತಿಂಗಳುಗಳಲ್ಲೇ. ಹಾಗಾಗಿ ಇಲ್ಲಿ ಆ ಭಾಗದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ನಿಮ್ಮ ಮಗುವಿನ ಕಾಲನ್ನು ಕೈಯಲ್ಲಿ ಹಿಡಿದು ನೋಡಿದ ವೈದ್ಯರ ಮಾತು ಇಲ್ಲಿನ ಮಾತಿಗಿಂತ ದೊಡ್ಡದು ಎಂಬುದನ್ನು ಮಾತ್ರ ಮರೆಯಬೇಡಿ.

ಮಗನ ಎಸಿಎಲ್ ಹರಿದಿದೆ ಅಂತ ಎಂಆರ್‌ಐನಲ್ಲಿ ಬಂದಿದೆ. ಅವನ ಆಟ ಮುಗೀತಾ?

ಇಲ್ಲ. ಇದು ಎಲ್ಲಕ್ಕಿಂತ ಮೊದಲು ಕೇಳಿಸಿಕೊಳ್ಳಬೇಕಾದ ಉತ್ತರ. ಒಂದು ಕಾಲದಲ್ಲಿ ಮೊಣಕಾಲಿನ ಈ ಲಿಗಮೆಂಟ್ (ಎಲುಬುಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ) ಹರಿದರೆ ಆಟ ಬಿಟ್ಟಂತೆಯೇ ಇತ್ತು. ಈಗ ಹಾಗಿಲ್ಲ.

ಕುಸ್ತಿಯವರಿಗೆ ಒಂದು ಹೆಸರು ಸಾಕು, ವಿನೇಶ್ ಫೋಗಟ್. 2016ರ ರಿಯೊ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅವರ ಮೊಣಕಾಲು ತಿರುಚಿತು. ಸ್ಟ್ರೆಚರ್ ಮೇಲೆ ಅಳುತ್ತಾ ಹೊರಗೆ ಹೋದರು. 2018ರಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು. ಅದೇ ವರ್ಷ ಏಷ್ಯನ್ ಗೇಮ್ಸ್ ಚಿನ್ನವನ್ನೂ ಗೆದ್ದರು. ಆ ಕೂಟದಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟು ಅವರೇ. 2023ರ ಆಗಸ್ಟ್‌ನಲ್ಲಿ ಮತ್ತೆ ಮೊಣಕಾಲಿಗೆ ಎಸಿಎಲ್ ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿ ಫೈನಲ್ ತಲುಪಿದರು. ತೂಕದ ಕಾರಣಕ್ಕೆ ಪದಕ ತಪ್ಪಿದ್ದು ಬೇರೆ ಮಾತು. ಮೊಣಕಾಲು ಮಾತ್ರ ಕೈಕೊಡಲಿಲ್ಲ.

ಆದರೆ ಪೂರ್ತಿ ನಿಜವನ್ನೂ ಹೇಳಬೇಕಲ್ಲ. ಎಸಿಎಲ್ ಶಸ್ತ್ರಚಿಕಿತ್ಸೆ ಆದವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದರೆ, 100 ಜನರಲ್ಲಿ ಸುಮಾರು 80 ಜನ ಯಾವುದಾದರೂ ಆಟಕ್ಕೆ ಮರಳುತ್ತಾರೆ. ಮೊದಲಿನ ಮಟ್ಟಕ್ಕೆ ಬರುವವರು ಸುಮಾರು 65. ಸ್ಪರ್ಧೆಗೆ ಮರಳುವವರು ಸುಮಾರು 55. ಅಂದರೆ ದಾರಿ ಇದೆ, ಆದರೆ ಅದು ತಾನಾಗಿ ಕರೆದುಕೊಂಡು ಹೋಗುವುದಿಲ್ಲ. ಹಿಂದೆ ಉಳಿದವರಲ್ಲಿ ಹಲವರಿಗೆ ಕಾಲು ಸರಿಯಾಗಿಯೇ ಇತ್ತು. ತೊಡೆಯ ಬಲ ಮರಳಿರಲಿಲ್ಲ, ಇಲ್ಲವೇ ಧೈರ್ಯ ಮರಳಿರಲಿಲ್ಲ.

ಆಪರೇಷನ್ ಒಂದೆರಡು ಗಂಟೆಯದು. ಮತ್ತೆ ಒಂಬತ್ತು ತಿಂಗಳು ಯಾಕೆ ಬೇಕು?

ಹರಿದ ಎಸಿಎಲ್ ಅನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ತೊಡೆಯ ಹಿಂಭಾಗದ ಸ್ನಾಯುವಿನಿಂದ ಅಥವಾ ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನಿಂದ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಒಂದು ಪಟ್ಟಿ ತೆಗೆದು, ಎಲುಬಿನಲ್ಲಿ ರಂಧ್ರ ಕೊರೆದು ಆ ಜಾಗದಲ್ಲಿ ಕೂರಿಸುತ್ತಾರೆ. ಅದಕ್ಕೆ ಗ್ರಾಫ್ಟ್ ಎನ್ನುತ್ತಾರೆ.

ಬ್ಯಾಡಗಿ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮೆಣಸಿನಕಾಯಿ ಅಗಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ಹಚ್ಚಿದ ಮೇಲೆ ಅದು ಮೊದಲು ಬಾಡುತ್ತದೆ. ಬೇರು ಹಿಡಿದ ಮೇಲೆಯೇ ಚಿಗುರುತ್ತದೆ. ಗ್ರಾಫ್ಟ್ ಕೂಡ ಹಾಗೆಯೇ. ಕೂರಿಸಿದ ದಿನ ಇದ್ದ ಬಲ ಆಮೇಲಿನ ವಾರಗಳಲ್ಲಿ ಕಡಿಮೆಯಾಗುತ್ತದೆ. ಹೊಸ ರಕ್ತನಾಳಗಳು ಅದರೊಳಗೆ ಬೆಳೆಯಬೇಕು, ಜೀವಕೋಶಗಳು ತುಂಬಿಕೊಳ್ಳಬೇಕು, ಎಲುಬಿಗೆ ಅದು ಅಂಟಿಕೊಳ್ಳಬೇಕು. ಸರಿಸುಮಾರು ಆರರಿಂದ ಹನ್ನೆರಡನೆಯ ವಾರದ ಹೊತ್ತಿಗೆ ಅದು ಅತ್ಯಂತ ದುರ್ಬಲ. ದುರದೃಷ್ಟಕ್ಕೆ ಹುಡುಗನಿಗೆ ‘ನಾನೀಗ ಆರಾಮ ಇದ್ದೇನೆ’ ಅನ್ನಿಸುವುದೂ ಆಗಲೇ. ಊತ ಇಳಿದಿರುತ್ತದೆ, ನೋವು ಇರುವುದಿಲ್ಲ, ಬೈಕ್ ಓಡಿಸುತ್ತಿರುತ್ತಾನೆ. ಒಳಗಿನ ಕೆಲಸ ಮಾತ್ರ ಆಗತಾನೇ ಶುರುವಾಗಿರುತ್ತದೆ.

ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುತ್ತದೆ. ಒಂಬತ್ತು ತಿಂಗಳವರೆಗೆ, ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಾ ಬಂತು. ಒಂದು ತಿಂಗಳು ಕಾಯುವುದಕ್ಕೆ ಇಷ್ಟು ದೊಡ್ಡ ಲಾಭ ಬೇರೆಲ್ಲೂ ಸಿಗುವುದಿಲ್ಲ.

ಆರು ತಿಂಗಳಾಯಿತು, ನೋವಿಲ್ಲ. ಜಾತ್ರೆಯ ಕುಸ್ತಿ ಬಂದಿದೆ, ಒಂದೇ ಕುಸ್ತಿ ಹಿಡಿಯಲೇ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ರೊನಾಲ್ಡೊಗೆ 1999ರ ನವೆಂಬರ್‌ನಲ್ಲಿ ಬಲ ಮೊಣಕಾಲಿನ ಸ್ನಾಯುರಜ್ಜು ಗಾಯವಾಯಿತು. ಶಸ್ತ್ರಚಿಕಿತ್ಸೆ ಆಯಿತು. ಐದು ತಿಂಗಳೂ ತುಂಬಿರಲಿಲ್ಲ. 2000ದ ಏಪ್ರಿಲ್ 12ರಂದು ಇಂಟರ್ ಮಿಲಾನ್ ಪರ ಲಾಜಿಯೊ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ಆರೇಳು ನಿಮಿಷ ಆಡಿರಬಹುದು. ಚೆಂಡು ತೆಗೆದುಕೊಂಡು ಮುನ್ನುಗ್ಗುವಾಗ ಎದುರಾಳಿ ಮುಟ್ಟುವ ಮೊದಲೇ ಕುಸಿದು ಬಿದ್ದರು. ಈ ಸಲ ಸ್ನಾಯುರಜ್ಜು ಪೂರ್ತಿ ಹರಿದಿತ್ತು. ಜಗತ್ತಿನ ಅತ್ಯುತ್ತಮ ವೈದ್ಯರು, ದುಡ್ಡು, ಸೌಲಭ್ಯ ಎಲ್ಲ ಇದ್ದವರ ಕಥೆ ಇದು.

ಆಮೇಲೆ ಅವರು ಕಾದರು. ಒಂದು ವರ್ಷಕ್ಕಿಂತ ಜಾಸ್ತಿ. 2002ರ ವಿಶ್ವಕಪ್‌ನಲ್ಲಿ ಎಂಟು ಗೋಲು ಹೊಡೆದರು. ಫೈನಲ್‌ನಲ್ಲಿ ಜರ್ಮನಿ ವಿರುದ್ಧ ಬ್ರೆಜಿಲ್ ಹೊಡೆದ ಎರಡೂ ಗೋಲು ಅವರವೇ. ಮಹಾನ್ ಪುನರಾಗಮನ ಎಂದು ನಾವು ಕೊಂಡಾಡುವುದು ಈ ಎರಡನೆಯ ಮರಳುವಿಕೆಯನ್ನು. ಮೊದಲನೆಯದನ್ನೂ ನೆನಪಿಡಬೇಕು.

ನಮ್ಮ ಬೂಮ್ರಾ ಅವರದೂ ಇಂಥದೇ. 2022ರಲ್ಲಿ ಬೆನ್ನಿನ ಗಾಯವಾಗಿತ್ತು. ಟಿ20 ವಿಶ್ವಕಪ್ ಹತ್ತಿರವಿತ್ತು. ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ಪಂದ್ಯ ಆಡಿದರು. ಬೆನ್ನು ಮತ್ತೆ ಕೈಕೊಟ್ಟಿತು, ವಿಶ್ವಕಪ್ಪೂ ತಪ್ಪಿತು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ. ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ಮರಳಿದರು. 2024ರ ಟಿ20 ವಿಶ್ವಕಪ್‌ನಲ್ಲಿ 15 ವಿಕೆಟ್ ಪಡೆದು ಸರಣಿಶ್ರೇಷ್ಠರಾದರು.

25 ವರ್ಷದೊಳಗಿನವರು ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಿದಾಗ, ಸರಿಸುಮಾರು ನಾಲ್ಕೈದು ಜನರಲ್ಲಿ ಒಬ್ಬರಿಗೆ ಮತ್ತೆ ಅದೇ ಗಾಯವಾಗುತ್ತದೆ. ಅದೇ ಕಾಲಿಗೆ ಆಗಬಹುದು, ಇನ್ನೊಂದು ಕಾಲಿಗೂ ಆಗಬಹುದು. ಮೊದಲ ಗಾಯದಿಂದ ಎದ್ದವರು ಬಹಳ ಜನ. ಎರಡನೆಯದು ಆಟವನ್ನೇ ನುಂಗಿಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವಸ್ತಾದರು, ಊರಿನ ಹಿರಿಯರು, ತಂಡದ ನಾಯಕ, ಯಾರೇ ‘ಒಂದೇ ಕುಸ್ತಿ’, ‘ಒಂದೇ ಮ್ಯಾಚ್’ ಅಂದರೂ ಕೈಮುಗಿದು ಇಲ್ಲ ಅನ್ನಿ. ಜಾತ್ರೆ ಮುಂದಿನ ವರ್ಷವೂ ಬರುತ್ತದೆ.

ಇನ್ನೊಂದು ಮಾತು. ‘ಒಂದು ಇಂಜೆಕ್ಷನ್ ಹಾಕಿಸಿಕೊಂಡು ಆಡು’ ಎನ್ನುವವರೂ ಇದ್ದಾರೆ. ನೋವು ಅನ್ನುವುದು ಮೈ ಕೊಡುವ ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿ ಆಡಿದರೆ ಹರಿಯುವುದು ಹರಿದೇ ಹರಿಯುತ್ತದೆ. ಸ್ಟೆರಾಯ್ಡ್ ಇಂಜೆಕ್ಷನ್‌ಗಳನ್ನು ಸ್ಪರ್ಧೆಯ ಸಮಯದಲ್ಲಿ ತೆಗೆದುಕೊಳ್ಳುವುದು 2022ರಿಂದ ಉದ್ದೀಪನ ಮದ್ದಿನ ನಿಯಮದಡಿ ನಿಷೇಧವೂ ಹೌದು. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವವರು ಇದನ್ನು ತಿಳಿದಿರಬೇಕು.

ಹಾಗಾದರೆ ಯಾವಾಗ ಮರಳಬಹುದು ಅಂತ ಹೇಗೆ ಗೊತ್ತಾಗುತ್ತದೆ?

ಕ್ಯಾಲೆಂಡರ್ ಒಂದನ್ನೇ ನೋಡಬೇಡಿ, ಕಾಲನ್ನೂ ನೋಡಿ. ಒಂಬತ್ತು ತಿಂಗಳು ಕನಿಷ್ಠ ಗಡಿ. ಒಂಬತ್ತು ತುಂಬಿದ ಕೂಡಲೇ ಆಡಬಹುದು ಅಂತಲ್ಲ.

ಫಿಜಿಯೊಗಳು ಮುಖ್ಯವಾಗಿ ಎರಡು ಪರೀಕ್ಷೆ ಮಾಡುತ್ತಾರೆ. ಒಂದು, ತೊಡೆಯ ಮುಂಭಾಗದ ಸ್ನಾಯುವಿನ ಬಲ. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಕನಿಷ್ಠ 90 ಪ್ರತಿಶತ ಇರಬೇಕು. ಎರಡು, ಒಂಟಿ ಕಾಲಿನ ಜಿಗಿತ. ನೆಲದ ಮೇಲೆ ಸುಣ್ಣದ ಗೆರೆ ಎಳೆದು ಒಂಟಿ ಕಾಲಲ್ಲಿ ಎಷ್ಟು ದೂರ ಹಾರುತ್ತಾನೆ ಅಂತ ಅಳೆಯಿರಿ. ಎರಡೂ ಕಾಲಿನ ಅಳತೆ ಹೆಚ್ಚುಕಡಿಮೆ ಸಮ ಬರಬೇಕು. ದೂರದ ಜೊತೆಗೆ ಇಳಿಯುವ ರೀತಿಯನ್ನೂ ಗಮನಿಸಿ. ಮೊಣಕಾಲು ಒಳಕ್ಕೆ ವಾಲುತ್ತಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ಗರಡಿಯಲ್ಲಿ ನೂರಾರು ಬಸ್ಕಿ ಹೊಡೆದವನಿಗೆ ತನ್ನ ತೊಡೆಯ ಮೇಲೆ ಭಾರೀ ನಂಬಿಕೆ ಇರುತ್ತದೆ. ಎರಡೂ ಕಾಲಲ್ಲಿ ಬಸ್ಕಿ ಹೊಡೆಯುವಾಗ ಒಳ್ಳೆಯ ಕಾಲು ಗೊತ್ತಿಲ್ಲದಂತೆ ಜಾಸ್ತಿ ಭಾರ ಹೊರುತ್ತದೆ. ಅದಕ್ಕೇ ಪರೀಕ್ಷೆ ಒಂಟಿ ಕಾಲಿನದು. ಪೂರ್ತಿ ಕೂರುವ ಬಸ್ಕಿಗೆ ಯಾವಾಗ ಮರಳಬಹುದು ಎಂಬುದನ್ನು ಮಾತ್ರ ಶಸ್ತ್ರಚಿಕಿತ್ಸೆ ಮಾಡಿದವರೇ ಹೇಳಬೇಕು.

ರಿಷಭ್ ಪಂತ್ ಅಷ್ಟು ದೊಡ್ಡ ಅಪಘಾತದಿಂದ ಬೇಗ ಬಂದರಲ್ವಾ?

ಬೇಗ ಬರಲಿಲ್ಲ. 2022ರ ಡಿಸೆಂಬರ್ 30ರ ನಸುಕಿನಲ್ಲಿ ರೂರ್ಕಿ ಹತ್ತಿರ ಅವರ ಕಾರು ಡಿವೈಡರ್‌ಗೆ ಗುದ್ದಿತು. ಬಲ ಮೊಣಕಾಲಿನ ಲಿಗಮೆಂಟ್‌ಗಳು ಹರಿದವು. ಬಿಸಿಸಿಐ ಅವರನ್ನು ಫಿಟ್ ಎಂದು ಘೋಷಿಸಿದ್ದು 2024ರ ಮಾರ್ಚ್‌ನಲ್ಲಿ, ಅಂದರೆ 14 ತಿಂಗಳ ಪುನಶ್ಚೇತನದ ನಂತರ. ಅಷ್ಟೂ ದಿನ ಒಂದು ಐಪಿಎಲ್ ಹೋಯಿತು, ತವರಿನಲ್ಲೇ ನಡೆದ ಏಕದಿನ ವಿಶ್ವಕಪ್ ಹೋಯಿತು. ಕಾದರು.

2023ರ ಫೆಬ್ರುವರಿಯಲ್ಲಿ ಅವರು ಊರುಗೋಲು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದ ಫೋಟೊ ಹಾಕಿದ್ದರು. ಮಾರ್ಚ್‌ನಲ್ಲಿ ಈಜುಕೊಳದ ನೀರಿನಲ್ಲಿ ನಡೆಯುತ್ತಿದ್ದ ವಿಡಿಯೊ. ಬ್ಯಾಟು ಬೀಸುವ ಮಾತು ಬಹಳ ದೂರ ಇತ್ತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅದೇ ಕೆಲಸ. 2024ರ ಮಾರ್ಚ್ 23ರಂದು ಮೊದಲ ಪಂದ್ಯ ಆಡಿದಾಗ ಬ್ಯಾಟಿಂಗ್ ಮಾಡಿ ವಿಕೆಟ್ ಕೀಪಿಂಗ್ ಕೂಡ ಮಾಡಿದರು. ಕೀಪರ್ ಇಡೀ ಇನ್ನಿಂಗ್ಸ್ ಕುಳಿತು ಏಳಬೇಕು. ಆ ಮೊಣಕಾಲು ಅದಕ್ಕೆ ತಯಾರಾಗುವವರೆಗೆ ಅವರನ್ನು ಬಿಡಲಿಲ್ಲ. ಜೂನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬಾಂಗ್ಲಾದೇಶದ ವಿರುದ್ಧ ಟೆಸ್ಟ್‌ಗೆ ಮರಳಿ 109 ರನ್ ಹೊಡೆದರು.

ಕೆ.ಎಲ್. ರಾಹುಲ್ ನಾಲ್ಕು ತಿಂಗಳಲ್ಲಿ ಬಂದರಲ್ಲ?

ಅದು ತೊಡೆಯ ಗಾಯ, ಎಸಿಎಲ್ ಅಲ್ಲ. 2023ರ ಮೇ ತಿಂಗಳಲ್ಲಿ ಗಾಯವಾಯಿತು, ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ ಹೊಡೆದರು. ಗಾಯ ಬೇರೆಯಾದರೆ ಸಮಯವೂ ಬೇರೆ. ಪಕ್ಕದ ಮನೆಯವರ ಮಗ ಎಷ್ಟು ತಿಂಗಳಿಗೆ ಆಡಿದ ಎಂಬ ಲೆಕ್ಕ ನಿಮ್ಮ ಮಗನಿಗೆ ಹೊಂದುವುದಿಲ್ಲ.

ಕುಂಬ್ಳೆ ದವಡೆ ಮುರಿದರೂ ಬೌಲ್ ಮಾಡಲಿಲ್ವಾ? ನೋವು ನುಂಗಿ ಆಡುವುದೇ ಗಂಡೆದೆ ಅಲ್ವಾ?

2002ರಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲಾನ್ ಎಸೆತ ತಗುಲಿ ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ತಲೆಯ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು 14 ಓವರ್ ಬೌಲ್ ಮಾಡಿದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು. ಕನ್ನಡಿಗರಿಗೆ ಅದು ಮರೆಯಲಾಗದ ದೃಶ್ಯ. ನನಗೂ ಆ ದೃಶ್ಯದ ಮೇಲೆ ಅಪಾರ ಗೌರವವಿದೆ. ಮಾರನೆಯ ದಿನವೇ ಅವರು ಶಸ್ತ್ರಚಿಕಿತ್ಸೆಗೆ ಹೊರಟರು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಕುಂಬ್ಳೆ ಅವರಿಂದ ಕಲಿಯಬೇಕಾದ ಇನ್ನೊಂದು ಪಾಠ ಅದಕ್ಕೂ ಮುಂಚಿನದು. ಬೌಲಿಂಗ್ ಮಾಡುವ ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿ, 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧ ತವರಿನಲ್ಲಿ ನಡೆದ ಆ ಐತಿಹಾಸಿಕ ಟೆಸ್ಟ್ ಸರಣಿಯನ್ನು ಅವರು ಪೂರ್ತಿ ತಪ್ಪಿಸಿಕೊಂಡರು. ಹರಭಜನ್ ವಿಕೆಟ್ ಮೇಲೆ ವಿಕೆಟ್ ಪಡೆಯುತ್ತಿದ್ದಾಗ ಇವರು ಹೊರಗಿದ್ದರು. ಎಷ್ಟು ಕಷ್ಟವಾಗಿರಬೇಕು ಯೋಚಿಸಿ. ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿದ್ದು ಆ ಭುಜದ ಗಾಯದ ನಂತರ. ಸುಮ್ಮನೆ ಕುಳಿತು ಕಾಯುವುದಕ್ಕೂ ಗುಂಡಿಗೆ ಬೇಕು.

ಮಗ ವೇಗದ ಬೌಲರ್, 15 ವರ್ಷ. ಸೊಂಟ ನೋವು ಅನ್ನುತ್ತಿದ್ದಾನೆ. ಬೆಳೆಯುವ ಮಕ್ಕಳಿಗೆ ಇದು ಸಹಜ ಅಲ್ವಾ?

ಹಾಗೆಂದು ಬಿಡಬೇಡಿ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಲ್ಲಿ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಬಹಳ ಸಾಮಾನ್ಯ. ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಮೊದಮೊದಲು ಸಾದಾ ಎಕ್ಸ್-ರೇನಲ್ಲಿ ಕಾಣದೇ ಇರಬಹುದು. ಬೌಲ್ ಮಾಡಿದಾಗ ನೋವು, ಬಿಟ್ಟಾಗ ಆರಾಮ, ಹಿಂದಕ್ಕೆ ಬಾಗಿದರೆ ಚುಚ್ಚುವ ನೋವು ಇದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಬೇಗ ಗೊತ್ತಾದರೆ ಕೆಲವು ತಿಂಗಳ ವಿಶ್ರಾಂತಿಯಲ್ಲಿ ಬಿರುಕು ಕೂಡಿಕೊಳ್ಳುತ್ತದೆ. ತಡವಾದರೆ ಕೂಡಿಕೊಳ್ಳದೇ ಉಳಿಯಬಹುದು.

ನಮ್ಮಲ್ಲಿ ಒಳ್ಳೆಯ ಬೌಲರ್ ಒಬ್ಬನಿದ್ದರೆ ಶಾಲೆಗೂ ಅವನೇ, ಕ್ಲಬ್ಬಿಗೂ ಅವನೇ, ಭಾನುವಾರದ ಟೆನಿಸ್ ಬಾಲ್ ಟೂರ್ನಿಗೂ ಅವನೇ. ವಾರಕ್ಕೆ ಎಷ್ಟು ಎಸೆತ ಹಾಕಿದ ಎಂದು ಯಾರೂ ಎಣಿಸುವುದಿಲ್ಲ. ಪಾಲಕರೇ ಒಂದು ವಹಿಯಲ್ಲಿ ಬರೆದಿಡಿ. ನೆಟ್‌ನಲ್ಲಿ ಹಾಕಿದ್ದೂ ಲೆಕ್ಕಕ್ಕೆ ಬರಬೇಕು.

ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ವೇಗದ ಬೌಲರ್‌ನ ಭುಜಕ್ಕೆ ಕತ್ತರಿ ಬಿದ್ದರೆ ಮುಗಿಯಿತು ಎಂದವರಿದ್ದರು. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 132 ರನ್ ಕೊಟ್ಟು 13 ವಿಕೆಟ್ ಪಡೆದರು.

ಪೆಟ್ಟಾದ ಕೂಡಲೇ ಏನು ಮಾಡಬೇಕು?

ಆಟ ನಿಲ್ಲಿಸಿ. ಮೊಣಕಾಲಲ್ಲಿ ‘ಟಕ್’ ಅಂತ ಶಬ್ದ ಬಂದು ಒಂದೆರಡು ಗಂಟೆಯೊಳಗೆ ದಪ್ಪಗೆ ಊದಿದರೆ ಒಳಗೆ ಲಿಗಮೆಂಟ್ ಹರಿದಿರುವ ಸಾಧ್ಯತೆ ಜಾಸ್ತಿ. ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ, ಬಟ್ಟೆಯಲ್ಲಿ ಐಸ್ ಕಟ್ಟಿ ಇಡಿ, ಕಾಲು ಎತ್ತರಕ್ಕೆ ಇಡಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಕಾಲು ಸೊಟ್ಟಗೆ ಕಂಡರೆ, ಬೆರಳು ಜೋಮು ಹಿಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಎರೆ ಹೊಲದ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ. ಅಂಥ ಕಡೆ ಅಂಕಣ ಹಾಕುವವರು ಬಿರುಕು ಮುಚ್ಚಿಸದೆ ಆಡಿಸಬಾರದು. ಬಿರುಕಿನಲ್ಲಿ ಪಾದ ಸಿಕ್ಕಿಕೊಂಡು ಮೈ ತಿರುಗಿದರೆ ಮೊಣಕಾಲು ಅಲ್ಲಿಗೇ ಹೋಯಿತು.

ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಹೊಟ್ಟೆಗೆ, ಎದೆಗೆ ಗುದ್ದು ಬಿದ್ದಿದ್ದರೆ ಮೇಲೆ ಗಾಯ ಕಾಣದಿದ್ದರೂ ಕಾಯಬೇಡಿ. ಒಳಗೆ ರಕ್ತ ಸೋರುತ್ತಿರಬಹುದು.

ಕಬಡ್ಡಿಯಲ್ಲಿ ತಲೆಗೆ ತಲೆ ಬಡಿಯಿತು. ಐದು ನಿಮಿಷಕ್ಕೆ ಸರಿಹೋದ. ಮತ್ತೆ ಇಳಿಸಬಹುದಾ?

ಆ ದಿನ ಇಳಿಸಬಾರದು, ಎಷ್ಟೇ ದೊಡ್ಡ ಪಂದ್ಯವಿದ್ದರೂ. ತಲೆನೋವು, ವಾಂತಿ, ಮಂಕು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ. ಇದರಲ್ಲಿ ಚರ್ಚೆಯೇ ಇಲ್ಲ.

ಊರಲ್ಲಿ ಉಳುಕು ತೆಗೆಯುವವರಿದ್ದಾರೆ, ಎಲುಬು ಕಟ್ಟುವವರಿದ್ದಾರೆ. ಮೊದಲು ಅಲ್ಲಿಗೆ ಹೋಗಬಹುದಾ?

ತಲೆಮಾರುಗಳಿಂದ ಊರಿನವರ ನೋವಿಗೆ ಆದವರು ಅವರು. ಅವರನ್ನು ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಎಕ್ಸ್-ರೇ ಇಲ್ಲದೆ ಮುರಿತವೋ, ಕೀಲು ತಪ್ಪಿದ್ದೋ, ಲಿಗಮೆಂಟ್ ಹರಿದಿದ್ದೋ ಹೇಳುವುದು ಯಾರಿಗೂ ಕಷ್ಟ. ಮುರಿದ ಜಾಗಕ್ಕೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದಾಗ ಒಳಗಿನ ಊತಕ್ಕೆ ಜಾಗವಿಲ್ಲದೆ ರಕ್ತಸಂಚಾರ ನಿಂತುಹೋಗಬಹುದು. ಹಾಗಾದರೆ ಕೈಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಪೆಟ್ಟು ಬಿದ್ದ ಮೊಣಕೈ, ತೊಡೆಯನ್ನು ಜೋರಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಎಲುಬು ಬೆಳೆಯುವುದೂ ಉಂಟು. ಆಮೇಲೆ ಕೀಲು ಮಡಚಲು ಬರುವುದಿಲ್ಲ. ಮೊದಲು ಎಕ್ಸ್-ರೇ ತೆಗೆಸಿ. ಉಳಿದದ್ದು ಆಮೇಲೆ.

ಇಲ್ಲೇ ಚಿಕಿತ್ಸೆ ಸಿಗುತ್ತದಾ, ಬೆಂಗಳೂರಿಗೇ ಹೋಗಬೇಕಾ? ಖರ್ಚು ಹೇಗೆ?

ಹುಬ್ಬಳ್ಳಿಯ ಕಿಮ್ಸ್, ಧಾರವಾಡದ ಸತ್ತೂರಿನ ಎಸ್‌ಡಿಎಂ, ಗದಗದ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೂಳೆ ವಿಭಾಗಗಳಿವೆ. ಸತ್ತೂರಿನಲ್ಲಿ ಫಿಜಿಯೊಥೆರಪಿ ಕಾಲೇಜೂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಪ್ರತಿಶತ ಸಿಗುತ್ತದೆ. ನಿಮ್ಮ ಮಗುವಿನ ಶಸ್ತ್ರಚಿಕಿತ್ಸೆ ಆ ಪಟ್ಟಿಯಲ್ಲಿ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ನಮ್ಮ ಕಡೆಯ ದೊಡ್ಡ ಕೊರತೆ ಶಸ್ತ್ರಚಿಕಿತ್ಸೆಯದಲ್ಲ, ನಂತರದ ಫಿಜಿಯೊಥೆರಪಿಯದು. ಆಪರೇಷನ್‌ಗೆ ಸಾಲ ಮಾಡಿಯಾದರೂ ದುಡ್ಡು ಹೊಂದಿಸುತ್ತಾರೆ. ಫಿಜಿಯೊಗೆ ನಾಲ್ಕು ಸಲ ಹೋಗಿ ಬಿಡುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವುದು ಕಷ್ಟ ನಿಜ. ದಿನಾ ಬರಲು ಆಗದಿದ್ದರೆ ಫಿಜಿಯೊಗೆ ಹಾಗೆಯೇ ಹೇಳಿ. ಎರಡು ವಾರಕ್ಕೊಮ್ಮೆ ತೋರಿಸಿ, ನಡುವೆ ಮನೆಯಲ್ಲಿ ಮಾಡುವ ವ್ಯಾಯಾಮ ಬರೆಸಿಕೊಳ್ಳಿ, ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಮೊದಲ ವಾರಗಳ ಕೆಲಸಕ್ಕೆ ಯಂತ್ರ ಬೇಕಿಲ್ಲ. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಮೊಣಕಾಲನ್ನು ಕೆಳಗೆ ಒತ್ತಿ ತೊಡೆ ಬಿಗಿ ಮಾಡುವುದು, ಕಾಲನ್ನು ಪೂರ್ತಿ ನೆಟ್ಟಗೆ ಮಾಡುವುದು, ಇಂಥವು. ಕಾಲು ಪೂರ್ತಿ ನೆಟ್ಟಗಾಗದೆ ಉಳಿದರೆ ಆಮೇಲೆ ಜೀವನವಿಡೀ ಕುಂಟು.

ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಮತ್ತೆ ಗದಗಕ್ಕೆ ಶಾಲೆಗೆ ಹೋಗುತ್ತಿದ್ದರು. ಆಟ ಕಲಿಯಲು ಅಷ್ಟು ದೂರ ಓಡಾಡಿದವರು ಈ ಮಣ್ಣಿನಲ್ಲಿದ್ದಾರೆ. ಆಟ ಉಳಿಸಿಕೊಳ್ಳಲೂ ಆ ಓಡಾಟ ಮಾಡಬೇಕು.

ಮಗಳು ಕೊಕ್ಕೊ ಆಡುತ್ತಾಳೆ. ಹೆಣ್ಣುಮಕ್ಕಳಿಗೆ ಈ ಗಾಯ ಜಾಸ್ತಿಯಂತೆ, ಬಿಡಿಸಲೇ?

ದಯವಿಟ್ಟು ಬಿಡಿಸಬೇಡಿ. ಓಡುತ್ತಾ ಥಟ್ಟನೆ ತಿರುಗುವ, ಜಿಗಿದು ಇಳಿಯುವ ಆಟಗಳಲ್ಲಿ ಹೆಣ್ಣುಮಕ್ಕಳಿಗೆ ಎಸಿಎಲ್ ಗಾಯ ಜಾಸ್ತಿ ಎಂಬುದು ನಿಜ. ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುವುದು ಒಂದು ಕಾರಣ. ಅದನ್ನು ತಿದ್ದಬಹುದು. ವಾರಕ್ಕೆ ಎರಡು ಮೂರು ಸಲ, ಆಟಕ್ಕೆ ಮೊದಲು 15-20 ನಿಮಿಷ, ಒಂಟಿ ಕಾಲಿನ ಸಮತೋಲನ, ಮೆತ್ತಗೆ ಇಳಿಯುವ ಜಿಗಿತ, ತೊಡೆಯ ಹಿಂಭಾಗದ ವ್ಯಾಯಾಮ ಮಾಡಿಸಿದರೆ ಗಾಯ ಸಾಕಷ್ಟು ಕಡಿಮೆಯಾಗುತ್ತದೆ. ಹುಡುಗನಿಗೆ ಗಾಯವಾದರೆ ಚಿಕಿತ್ಸೆ, ಹುಡುಗಿಗೆ ಗಾಯವಾದರೆ ಆಟ ಬಂದ್. ಈ ಪದ್ಧತಿ ಹೋಗಬೇಕು.

ಸೈನಾ ನೆಹ್ವಾಲ್ 2016ರ ಆಗಸ್ಟ್‌ನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮರುವರ್ಷ ಗ್ಲಾಸ್ಗೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು.

ಕಾಲು ಪೂರ್ತಿ ಸರಿಯಾಗಿದೆ ಅಂತ ಡಾಕ್ಟರ್ ಹೇಳಿದರು. ಆದರೂ ಹುಡುಗ ಮೊದಲಿನಂತೆ ನುಗ್ಗುವುದಿಲ್ಲ. ಸೋಮಾರಿಯಾದನಾ?

ಸೋಮಾರಿಯಲ್ಲ. ಅವನಿಗೆ ಭಯ. ಹಾಗೆ ಹೇಳಲು ನಾಚಿಕೆ.

ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಉರಿಯುವ ಕಾರಿನಲ್ಲಿ ಸಿಕ್ಕಿಕೊಂಡರು. ಮುಖ, ತಲೆ ಸುಟ್ಟವು, ವಿಷದ ಹೊಗೆ ಶ್ವಾಸಕೋಶ ಸೇರಿತು. ಬದುಕುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆರು ವಾರಕ್ಕೆ, ಸೆಪ್ಟೆಂಬರ್ 12ರಂದು, ಇಟಲಿಯ ಮಾಂಜಾದಲ್ಲಿ ಮತ್ತೆ ಕಾರು ಓಡಿಸಿ ನಾಲ್ಕನೆಯವರಾದರು. ಲೋಕವೆಲ್ಲ ಉಕ್ಕಿನ ಮನುಷ್ಯ ಎಂದಿತು. ಆದರೆ ಆ ದಿನಗಳಲ್ಲಿ ತನಗೆ ವಿಪರೀತ ಭಯವಾಗಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡರು. ಅದೇ ವರ್ಷದ ಕೊನೆಯ ರೇಸ್‌ನಲ್ಲಿ ಜಪಾನಿನಲ್ಲಿ ಧಾರಾಕಾರ ಮಳೆ. ಲೌಡಾ ಅರ್ಧಕ್ಕೇ ಕಾರಿನಿಂದ ಇಳಿದರು. ಒಂದೇ ಒಂದು ಅಂಕದಿಂದ ವಿಶ್ವ ಪಟ್ಟ ಹೋಯಿತು. 1977ರಲ್ಲಿ ಮತ್ತೆ ಗೆದ್ದರು, 1984ರಲ್ಲಿ ಇನ್ನೊಮ್ಮೆ. ಮಳೆಯಲ್ಲಿ ಕಾರಿನಿಂದ ಇಳಿದ ಆ ನಿರ್ಧಾರ ನನಗೆ ಮಾಂಜಾದ ನಾಲ್ಕನೇ ಸ್ಥಾನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಟೆನಿಸ್‌ನ ಮೋನಿಕಾ ಸೆಲೆಸ್ 1993ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಪಂದ್ಯದ ನಡುವೆ ಚಾಕು ಇರಿತಕ್ಕೆ ಒಳಗಾದರು. ಆಗ 19 ವರ್ಷ, ವಿಶ್ವದ ಒಂದನೇ ನಂಬರ್. ಬೆನ್ನಿನ ಗಾಯ ವಾರಗಳಲ್ಲಿ ಮಾಯಿತು. ಅಂಗಳಕ್ಕೆ ಮರಳಲು ಎರಡು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. 1996ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು.

ಹುಡುಗನನ್ನು ಬೈಯಬೇಡಿ. ‘ಯಾವ ಹೊಡೆತ, ಯಾವ ತಿರುವು ಹೆದರಿಕೆ ತರುತ್ತದೆ?’ ಅಂತ ಕೇಳಿ. ಅದನ್ನೇ ನಿಧಾನಕ್ಕೆ, ಎದುರಾಳಿ ಇಲ್ಲದೆ, ಮೆತ್ತನೆಯ ಮಣ್ಣಿನಲ್ಲಿ ಅಭ್ಯಾಸ ಮಾಡಿಸಿ. ರಾತ್ರಿ ನಿದ್ದೆ ಬರುತ್ತಿಲ್ಲ, ಯಾರೊಂದಿಗೂ ಮಾತಾಡುವುದಿಲ್ಲ ಎಂದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋಗುವುದರಲ್ಲಿ ಅವಮಾನ ಏನೂ ಇಲ್ಲ.

ಊಟ ಏನು ಕೊಡಬೇಕು?

ವಿಶ್ರಾಂತಿಯಲ್ಲಿದ್ದಾನೆ ಎಂದು ಊಟ ಕಡಿಮೆ ಮಾಡಿಸಬೇಡಿ. ತೊಡೆಯ ಸ್ನಾಯು ಕೆಲವೇ ವಾರಗಳಲ್ಲಿ ಕರಗುತ್ತದೆ. ಅದನ್ನು ಮತ್ತೆ ಕಟ್ಟಲು ಪ್ರೋಟೀನ್ ಬೇಕು. ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ, ಅಂದರೆ 50 ಕೆಜಿಯ ಹುಡುಗನಿಗೆ 80 ಗ್ರಾಂ. ರೊಟ್ಟಿ-ಪಲ್ಯದಲ್ಲಿ ಅಷ್ಟು ಬರುವುದಿಲ್ಲ. ರೊಟ್ಟಿಯ ಜೊತೆ ಹೆಸರುಕಾಳು, ಮಡಿಕೆಕಾಳು, ಶೇಂಗಾ, ಮೊಸರು, ಹಾಲು ಹೆಚ್ಚಿಸಿ. ತಿನ್ನುವವರಾದರೆ ಮೊಟ್ಟೆ, ಒಂದರಲ್ಲಿ ಸುಮಾರು 6 ಗ್ರಾಂ. ಡಬ್ಬಿಯ ಪುಡಿಗೆ ದುಡ್ಡು ಸುರಿಯುವ ಮೊದಲು ಅಡುಗೆಮನೆ ನೋಡಿ.

ಗುಟ್ಕಾ, ಸಿಗರೇಟು ಇದ್ದರೆ ಇವತ್ತೇ ಬಿಡಿಸಿ. ತಂಬಾಕು ರಕ್ತನಾಳಗಳನ್ನು ಕುಗ್ಗಿಸುತ್ತದೆ, ಎಲುಬು ಕೂಡುವುದು ತಡವಾಗುತ್ತದೆ. ಇದನ್ನು ಹುಡುಗರು ಮನೆಯಲ್ಲಿ ಮುಚ್ಚಿಡುತ್ತಾರೆ. ವೈದ್ಯರ ಮುಂದಾದರೂ ಮುಚ್ಚಿಡದಂತೆ ನೋಡಿಕೊಳ್ಳಿ.

ಮತ್ತೆ ಆ ಆಟ ಆಡಲು ಆಗುವುದೇ ಇಲ್ಲ ಅಂದರೆ?

ಅದೂ ಆಗುತ್ತದೆ. ನೆದರ್ಲೆಂಡ್ಸ್‌ನ ಮಾರ್ಕೊ ವಾನ್ ಬಾಸ್ಟನ್ ಜಗತ್ತಿನ ಶ್ರೇಷ್ಠ ಫುಟ್‌ಬಾಲ್ ಆಟಗಾರರಲ್ಲಿ ಒಬ್ಬರು. ಕಣಕಾಲಿನ ಗಾಯದಿಂದ 28ನೇ ವಯಸ್ಸಿನಲ್ಲಿ ಕೊನೆಯ ಪಂದ್ಯ ಆಡಿದರು. ಅವರ ಪ್ರಯತ್ನದಲ್ಲಿ ಕೊರತೆ ಇರಲಿಲ್ಲ. ಕಣಕಾಲು ಸರಿಹೋಗಲಿಲ್ಲ, ಅಷ್ಟೇ. ಮರಳಿ ಬರದವನು ಹೇಡಿ ಎಂದು ನಿಮ್ಮ ಮನೆಯಲ್ಲಿ ಯಾರೂ ಹೇಳದಿರಲಿ.

ಆದರೆ ಒಂದು ಆಟ ಮುಚ್ಚಿದಾಗ ಇನ್ನೊಂದಕ್ಕೆ ಹೋದವರನ್ನೂ ತಿಳಿದಿರಿ. ಸೋನಿಪತ್‌ನ ಸುಮಿತ್ ಅಂತಿಲ್ ಕುಸ್ತಿಪಟು ಆಗಬೇಕೆಂದಿದ್ದ ಹುಡುಗ. 2015ರಲ್ಲಿ ಬೈಕ್ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಕೃತಕ ಕಾಲು ಹಾಕಿಕೊಂಡು ಜಾವೆಲಿನ್ ಹಿಡಿದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 68.55 ಮೀಟರ್ ಎಸೆದು ಚಿನ್ನ, ಪ್ಯಾರಿಸ್‌ನಲ್ಲಿ 70.59 ಮೀಟರ್ ಎಸೆದು ಮತ್ತೆ ಚಿನ್ನ.

ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್ ಆಗಿದ್ದರು. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ಹೋಯಿತು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು.

ಹಂಗೇರಿಯ ಶೂಟರ್ ಕಾರೊಲಿ ಟಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಗುರಿ ಹಿಡಿಯುತ್ತಿದ್ದ ಕೈ ಅದೇ. ಎಡಗೈಯಲ್ಲಿ ಮೊದಲಿನಿಂದ ಕಲಿತರು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು.

ಎಲ್ಲ ಪರೀಕ್ಷೆ ಪಾಸಾಗಿದೆ. ಮಗಳು ಮುಂದಿನ ವಾರ ಮೈದಾನಕ್ಕೆ ಬರುತ್ತಾಳೆ. ಹೇಗೆ ಶುರು ಮಾಡಿಸಬೇಕು?

ಮೊದಲು ನೆಟ್ಟಗೆ ಓಟ, ಅರ್ಧ ವೇಗದಲ್ಲಿ. ಅದು ಸಲೀಸಾದ ಮೇಲೆ ತಿರುವು. ಆಮೇಲೆ ಮೈ ತಾಗದ ಅಭ್ಯಾಸ, ನಂತರ ಮೈ ತಾಗುವ ಅಭ್ಯಾಸ. ಪಂದ್ಯದಲ್ಲಿ ಮೊದಲು ಕೆಲವೇ ನಿಮಿಷ ಇಳಿಸಿ, ನಿಧಾನಕ್ಕೆ ಹೆಚ್ಚಿಸಿ. ಪ್ರತಿ ಹಂತಕ್ಕೂ ಕೆಲವು ದಿನ ಕೊಡಿ. ತಂಡದ ಉಳಿದವರಿಗೆ ಮೊದಲೇ ತಿಳಿಸಿರಿ, ಅವಳನ್ನು ಯಾರೂ ಹುರಿದುಂಬಿಸಿ ಅವಸರ ಮಾಡಿಸದಿರಲಿ.

ಪ್ರತಿ ಅಭ್ಯಾಸದ ಮರುದಿನ ಬೆಳಿಗ್ಗೆ ಎರಡೂ ಮೊಣಕಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಪೆಟ್ಟಾದದ್ದು ಊದಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಎರಡು ದಿನಕ್ಕೂ ಊತ ಇಳಿಯದಿದ್ದರೆ ಫಿಜಿಯೊಗೆ ಫೋನ್ ಮಾಡಿ. ಎಂಆರ್‌ಐ ಫಿಲ್ಮ್, ಡಿಸ್ಚಾರ್ಜ್ ಕಾರ್ಡ್, ಶಸ್ತ್ರಚಿಕಿತ್ಸೆಯ ವಿವರ ಎಲ್ಲ ಒಂದು ಫೈಲಿನಲ್ಲಿಟ್ಟು ಅವಳ ಆಟದ ಬ್ಯಾಗಿನ ಜೊತೆ ಕಳಿಸಿ. ಬೇರೆ ಊರಿಗೆ ಆಡಲು ಹೋದಾಗ ಬೇಕಾಗುತ್ತದೆ.